ಗೇರ್ ಆಯಿಲ್ ಗ್ರೇಡ್: ‘ಒಂದು ಲೀಟರ್ ನೈಂಟಿ ಕೊಡಿ’ ಅನ್ನುವ ಮೊದಲು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಒಂದು ಹಳೇ ಜೀಪಿದೆ, ಒಂದು ಟ್ರ್ಯಾಕ್ಟರ್ ಇದೆ, ಒಂದು ಸ್ಕೂಟರ್ ಇದೆ. ಮೂರಕ್ಕೂ ಗೇರ್ ಆಯಿಲ್ ಬೇಕು, ಆದರೆ ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಜೀಪಿನ ಗೇರ್ ಬಾಕ್ಸ್ ಬಿಚ್ಚಿಸಿದ ಮೇಲೆ. ಆಮೇಲಿಂದ ಊರಿನವರು, ನೆಂಟರು ಆಯಿಲ್ ಬದಲಿಸುವ ಹೊತ್ತಿಗೆ ಫೋನ್ ಮಾಡಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಂಗಡಿಗೆ ಹೋಗಿ ‘ನೈಂಟಿ ಕೊಡಿ’ ಅಂದರೆ ಸಾಕಲ್ವಾ?

ಸಾಲದು. ಹತ್ತು ಕೆಜಿ ಅಕ್ಕಿ ಕೊಡಿ ಅಂತ ಹೇಳಿ, ಸೋನಾ ಮಸೂರಿಯೋ ಕುಚಲಕ್ಕಿಯೋ ಹೇಳದೆ ನಿಂತ ಹಾಗೆ ಅದು. 90 ಅನ್ನುವ ನಂಬರ್ ಆಯಿಲ್ ಎಷ್ಟು ಮಂದ ಇದೆ ಅಂತ ಮಾತ್ರ ಹೇಳುತ್ತದೆ. ಒಳಗೆ ಯಾವ ರಾಸಾಯನಿಕ ಎಷ್ಟು ಸೇರಿಸಿದ್ದಾರೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಡಬ್ಬದ ಮೇಲೆ ಇನ್ನೊಂದು ಗುರುತಿರುತ್ತದೆ: ಎಪಿಐ ಜಿಎಲ್-4 ಅಥವಾ ಎಪಿಐ ಜಿಎಲ್-5. ಮಂದದ ನಂಬರ್ ಕೊಡುವ ಪದ್ಧತಿ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯದು, ಜಿಎಲ್ ದರ್ಜೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯದು. ಎರಡೂ ಹೊಂದಿದರೆ ಮಾತ್ರ ಅದು ನಿಮ್ಮ ಗಾಡಿಯ ಆಯಿಲ್.

ಹೆಚ್ಚಿನ ಎಡವಟ್ಟು ಆಗುವುದು ಮಂದದ ವಿಷಯದಲ್ಲಿ ಅಲ್ಲ. 80 ಇರಬೇಕಾದ ಕಡೆ 90 ಹೋದರೆ ಬೆಳಿಗ್ಗೆ ಗೇರ್ ಸ್ವಲ್ಪ ಬಿಗಿಯಾಗುತ್ತದೆ, ಅಷ್ಟೇ. ಜಿಎಲ್ ತಪ್ಪಿದರೆ ಒಳಗಿನ ಸಾಮಾನೇ ಹೋಗುತ್ತದೆ.

80ಡಬ್ಲ್ಯೂ-90 ಅಂದರೆ ಏನು? ಎರಡು ನಂಬರ್ ಯಾಕೆ?

ಜೋನಿ ಬೆಲ್ಲ ನೋಡಿದ್ದೀರಲ್ವಾ? ಚಳಿಗಾಲದ ಬೆಳಿಗ್ಗೆ ಡಬ್ಬ ಬಗ್ಗಿಸಿದರೂ ಬೀಳುವುದಿಲ್ಲ, ಒಲೆಯ ಪಕ್ಕ ಇಟ್ಟರೆ ನೀರಿನ ಹಾಗೆ ಹರಿಯುತ್ತದೆ. ಆಯಿಲ್ ಕೂಡ ಹಾಗೇ. ಅದಕ್ಕೇ ತಣ್ಣಗಿದ್ದಾಗ ಒಂದು ಅಳತೆ, ಬಿಸಿಯಿದ್ದಾಗ ಒಂದು ಅಳತೆ.

ಡಬ್ಲ್ಯೂ ಇರುವ ನಂಬರ್ ಚಳಿಯದು. ಎಷ್ಟು ಚಳಿಯವರೆಗೆ ಆಯಿಲ್ ಗೇರ್‌ಗಳ ನಡುವೆ ಹರಿಯಬಲ್ಲದು ಅಂತ ಅದು ಹೇಳುತ್ತದೆ. 75ಡಬ್ಲ್ಯೂ ಆದರೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನವರೆಗೆ, 80ಡಬ್ಲ್ಯೂ ಆದರೆ 26 ಡಿಗ್ರಿ ಕೆಳಗಿನವರೆಗೆ, 85ಡಬ್ಲ್ಯೂ ಆದರೆ 12 ಡಿಗ್ರಿ ಕೆಳಗಿನವರೆಗೆ. ಎರಡನೇ ನಂಬರ್ ಬಿಸಿಯದು, ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. 90 ಅಂದರೆ 13.5ರಿಂದ 18.5ರ ಒಳಗೆ. 110 ಅಂದರೆ 18.5ರಿಂದ 24. 140 ಅಂದರೆ 24ರಿಂದ 32.5.

ಇಲ್ಲಿ ಹಳೇ ಗಾಡಿಯವರು ಗಮನಿಸಬೇಕಾದ ಒಂದು ವಿಷಯ ಇದೆ. 110 ಅನ್ನುವ ಗ್ರೇಡ್ ಬಂದಿದ್ದು 2005ರಲ್ಲಿ. ಅದಕ್ಕೂ ಮೊದಲು 13.5ರಿಂದ 24ರವರೆಗಿನ ಎಲ್ಲವೂ 90ರ ಲೆಕ್ಕಕ್ಕೇ ಬರುತ್ತಿತ್ತು. ಅಂದರೆ ಹಳೇ ಪುಸ್ತಕದಲ್ಲಿ 90 ಅಂತ ಬರೆದಿದ್ದರೆ ಅದು ಇವತ್ತಿನ 90ಕ್ಕಿಂತ ಅಗಲವಾದ ಅಳತೆ. ಸಮತಟ್ಟು ರಸ್ತೆಯ ಗಾಡಿಗೆ ಇವತ್ತಿನ 90 ಧಾರಾಳ ಸಾಕು.

ನಮ್ಮೂರಲ್ಲಿ ಹಿಮ ಬೀಳಲ್ಲ. ಹಾಗಾದರೆ ಡಬ್ಲ್ಯೂ ನಂಬರ್ ನೋಡಲೇಬೇಕಾ?

ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮಡಿಕೇರಿಯಲ್ಲಿ ಚಳಿ ಜೋರಾದಾಗಲೂ ಸೊನ್ನೆಗೆ ಇಳಿಯುವುದಿಲ್ಲ. ಹಾಗಾಗಿ ಆಯಿಲ್ ಗಟ್ಟಿಯಾಗಿ ಗೇರ್ ಒಣಗುವ ಭಯ ನಮಗಿಲ್ಲ. ಆದರೆ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಎರಡನೇ ಗೇರ್ ಹತ್ತಲು ಮುಷ್ಕರ ಹೂಡುವ ಗಾಡಿಗಳಿಗೆ 75ಡಬ್ಲ್ಯೂ ಹಾಕಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಟೊರಾಂಟೊ ಕಡೆ ಇರುವ ನಮ್ಮವರಿಗೆ, ಚಳಿಗಾಲದಲ್ಲಿ ಲಡಾಖ್‌ಗೆ ಗಾಡಿ ಒಯ್ಯುವವರಿಗೆ ಇದು ಬೇರೆಯೇ ಲೆಕ್ಕ. ಅಲ್ಲಿ ಮೊದಲು ನೋಡಬೇಕಾದ್ದೇ ಡಬ್ಲ್ಯೂ ನಂಬರ್.

ಎಂಜಿನ್ ಆಯಿಲ್ 20ಡಬ್ಲ್ಯೂ-40, ಗೇರ್ ಆಯಿಲ್ 90. ಅಂದರೆ ಗೇರ್ ಆಯಿಲ್ ಎರಡು ಪಟ್ಟು ಮಂದವಾ?

ಅಲ್ಲ. ಎರಡಕ್ಕೂ ಬೇರೆ ಬೇರೆ ಅಳತೆಪಟ್ಟಿ. ಎಂಜಿನ್ ಆಯಿಲ್‌ನ 40 ಅಂದರೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್, 50 ಅಂದರೆ 16.3ರಿಂದ 21.9. ಗೇರ್ ಆಯಿಲ್‌ನ 90 ಈ ಎರಡರ ಆಸುಪಾಸಿನಲ್ಲೇ ಬರುತ್ತದೆ. ಎಂಜಿನ್ ಆಯಿಲ್ ನಂಬರ್‌ಗೂ ಗೇರ್ ಆಯಿಲ್ ನಂಬರ್‌ಗೂ ಗೊಂದಲ ಆಗದಿರಲಿ ಅಂತಲೇ ಗೇರ್ ಆಯಿಲ್‌ಗೆ ದೊಡ್ಡ ನಂಬರ್ ಇಟ್ಟಿರುವುದು. ಎರಡರ ಮಂದ ಒಂದೇ ಆದರೂ ಒಳಗಿನ ಮದ್ದು ಬೇರೆ, ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದನ್ನು ಸುಮ್ನೆ ಸುರಿಯಬೇಡಿ.

ಜಿಎಲ್-4, ಜಿಎಲ್-5: ವ್ಯತ್ಯಾಸ ಏನು?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಿಧಾನವಾಗಿ ಓದಿ.

ಎರಡು ಗೇರ್ ಹಲ್ಲುಗಳು ಸೇರುವ ಜಾಗದಲ್ಲಿ ಒತ್ತಡ ವಿಪರೀತ. ಸಾಮಾನ್ಯ ಗೇರ್‌ಗಳಲ್ಲಿ ಹಲ್ಲಿನ ಮೇಲೆ ಹಲ್ಲು ಹೆಚ್ಚಾಗಿ ಉರುಳುತ್ತದೆ, ಲಟ್ಟಣಿಗೆ ಚಪಾತಿಯ ಮೇಲೆ ಉರುಳಿದ ಹಾಗೆ. ನಡುವೆ ಆಯಿಲ್ ಪದರ ಉಳಿಯುತ್ತದೆ. ಜೀಪು, ಪಿಕಪ್ಪು, ಲಾರಿಗಳ ಹಿಂದಿನ ಹೌಸಿಂಗ್‌ನಲ್ಲಿ, ಅಂದರೆ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆಯಲ್ಲಿ, ಇರುವ ಕ್ರೌನ್ ಅನ್ನುವ ದೊಡ್ಡ ಹಲ್ಲಿನ ಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕ ಪಿನಿಯನ್, ಇವುಗಳ ಕಥೆ ಬೇರೆ. ಅಲ್ಲಿ ಪಿನಿಯನ್ ಕ್ರೌನ್‌ನ ನಡುಮಧ್ಯಕ್ಕೆ ನೇರವಾಗಿ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಿರುತ್ತದೆ. ಇದಕ್ಕೆ ಹೈಪಾಯ್ಡ್ ಗೇರ್ ಅನ್ನುತ್ತಾರೆ. ಅಮೆರಿಕದ ಗ್ಲೀಸನ್ ಕಂಪನಿಯವರು 1920ರ ದಶಕದಲ್ಲಿ ಇದನ್ನು ಕಾರುಗಳಿಗೆ ತಂದರು. ಇದರಿಂದ ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೆಳಗೆ ಇಳಿಯಿತು, ಗಾಡಿಯ ನೆಲವೂ ಇಳಿಯಿತು, ಸದ್ದು ಕಡಿಮೆಯಾಯಿತು, ಹಲ್ಲು ಗಟ್ಟಿಯಾಯಿತು. ಆದರೆ ಹೀಗೆ ಪಕ್ಕಕ್ಕೆ ಸರಿದದ್ದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉದ್ದಕ್ಕೆ ಜಾರುತ್ತವೆ. ಅರೆಯುವ ಕಲ್ಲಿನ ಮೇಲೆ ಗುಂಡನ್ನು ಒತ್ತಿ ಎಳೆದ ಹಾಗೆ. ಬರೀ ಆಯಿಲ್ ಪದರ ಅಲ್ಲಿ ನಿಲ್ಲುವುದಿಲ್ಲ. ಕಬ್ಬಿಣ ಕಬ್ಬಿಣಕ್ಕೆ ತಾಗಿ, ಕಾದು, ಬೆಸೆದು, ಕಿತ್ತು ಬರುತ್ತದೆ.

ಅದಕ್ಕೇ ಗಂಧಕ ಮತ್ತು ರಂಜಕ ಇರುವ ಮದ್ದನ್ನು ಸೇರಿಸುತ್ತಾರೆ. ಡಬ್ಬದ ಮೇಲೆ ಇಪಿ ಅಂತ ಬರೆಯುವುದು ಇದಕ್ಕೇ, ತುಂಬಾ ಒತ್ತಡ ತಡೆಯುವ ಆಯಿಲ್ ಅಂತ ಅರ್ಥ. ಹಲ್ಲು ತಾಗಿ ಬಿಸಿಯಾದ ಜಾಗದಲ್ಲಿ ಈ ಮದ್ದು ಕಬ್ಬಿಣದ ಜೊತೆ ಸೇರಿ ತೆಳುವಾದ, ಮೆತ್ತಗಿನ ಪೊರೆಯೊಂದನ್ನು ಕಟ್ಟುತ್ತದೆ. ಹಲ್ಲು ಸವೆಯುವ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಕಟ್ಟುತ್ತದೆ.

ಜಿಎಲ್-5ರಲ್ಲಿ ಈ ಮದ್ದು ಜಾಸ್ತಿ. ಜಿಎಲ್-4ರಲ್ಲಿ ಸುಮಾರು ಅದರ ಅರ್ಧ. ಜಿಎಲ್-1, 2, 3, 6 ಅಂತ ಇದ್ದವು, ಎಪಿಐ ಅವುಗಳನ್ನು ಈಗ ಚಾಲ್ತಿಯಲ್ಲಿ ಇಟ್ಟಿಲ್ಲ. ಎಂಟಿ-1 ಅಂತ ಇನ್ನೊಂದಿದೆ. ಅದು ಸಿಂಕ್ರೊ (ಗೇರ್ ಬದಲಿಸುವಾಗ ವೇಗ ಹೊಂದಿಸುವ ರಿಂಗ್) ಇಲ್ಲದ ಬಸ್ಸು, ದೊಡ್ಡ ಲಾರಿಗಳ ಗೇರ್ ಬಾಕ್ಸಿಗೆ.

5 ಅನ್ನುವುದು 4ಕ್ಕಿಂತ ದೊಡ್ಡದು. ಎಲ್ಲಾ ಕಡೆ ಜಿಎಲ್-5 ಹಾಕಿಬಿಟ್ಟರೆ ಒಳ್ಳೆಯದಲ್ವಾ?

ನಮ್ಮ ಜೀಪಿಗೆ ಆಗಿದ್ದೇ ಇದು. ಒಂದು ಮಳೆಗಾಲಕ್ಕೆ ಮುಂಚೆ ಗ್ಯಾರೇಜಿನಲ್ಲಿ ಎಲ್ಲಾ ಆಯಿಲ್ ಬದಲಿಸಲು ಹೇಳಿ ಬಂದಿದ್ದೆ. ಹಿಂದಿನ ಹೌಸಿಂಗ್, ಮುಂದಿನ ಹೌಸಿಂಗ್, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಗೇರ್ ಬಾಕ್ಸ್, ನಾಲ್ಕಕ್ಕೂ ಒಂದೇ ಡಬ್ಬದಿಂದ ಜಿಎಲ್-5 ಹೋಯಿತು. ಹೌಸಿಂಗ್‌ಗಳಿಗೆ ಅದು ಸರಿ. ಗೇರ್ ಬಾಕ್ಸಿಗೆ ಜಿಎಲ್-4 ಬೇಕಿತ್ತು. ಮೊದಲು ಏನೂ ಗೊತ್ತಾಗಲಿಲ್ಲ. ಕೆಲವು ತಿಂಗಳಾದ ಮೇಲೆ ಘಾಟಿ ಇಳಿಯುವಾಗ ಮೂರರಿಂದ ಎರಡಕ್ಕೆ ಇಳಿಸಿದರೆ ಕರ್ ಅನ್ನತೊಡಗಿತು. ಗಾಡಿ ಕಾದಷ್ಟೂ ಜಾಸ್ತಿ. ಕೊನೆಗೆ ಬಿಚ್ಚಿಸಿದಾಗ ಸಿಂಕ್ರೊ ರಿಂಗ್‌ಗಳು ಕಪ್ಪಾಗಿದ್ದವು, ಒಳಗಿನ ಗೀರುಗಳು ಸವೆದು ನುಣ್ಣಗಾಗಿದ್ದವು. ಗಾಡಿ ಹಳೆಯದು, ರಿಂಗ್ ಹೇಗೂ ಸವೆದಿದ್ದಿರಬಹುದು, ಎಲ್ಲಾ ತಪ್ಪೂ ಆಯಿಲ್‌ನದ್ದೇ ಅನ್ನುವುದು ನ್ಯಾಯವಲ್ಲ. ಆದರೆ ಹೊಸ ರಿಂಗ್ ಹಾಕಿ ಜಿಎಲ್-4 ತುಂಬಿಸಿದ ಮೇಲೆ ಇವತ್ತಿನವರೆಗೂ ಆ ಸದ್ದು ಬಂದಿಲ್ಲ. ರಿಂಗ್‌ಗಳ ದುಡ್ಡಿಗಿಂತ ಬಿಚ್ಚಿ ಜೋಡಿಸಿದ ಕೂಲಿಯೇ ಜಾಸ್ತಿಯಾಯಿತು.

ಕಾರಣ ಹೀಗೆ. ಬಹಳಷ್ಟು ಗೇರ್ ಬಾಕ್ಸ್‌ಗಳಲ್ಲಿ ಸಿಂಕ್ರೊ ರಿಂಗ್ ಹಿತ್ತಾಳೆಯದು. ಹಿತ್ತಾಳೆಯಲ್ಲಿ ತಾಮ್ರ ಇದೆ. ಕಬ್ಬಿಣದ ಮೇಲೆ ಪೊರೆ ಕಟ್ಟುವ ಅದೇ ಗಂಧಕ, ಬಿಸಿಯಲ್ಲಿ ತಾಮ್ರವನ್ನೂ ಹಿಡಿಯುತ್ತದೆ. ಹಿತ್ತಾಳೆ ಮೆತ್ತಗಿನ ಲೋಹ, ಪೊರೆ ಎದ್ದು ಹೋಗುವಾಗ ತನ್ನ ಜೊತೆ ಹಿತ್ತಾಳೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಎರಡನೆಯದು, ಸಿಂಕ್ರೊ ರಿಂಗ್ ಕೆಲಸ ಮಾಡುವುದೇ ಉಜ್ಜಾಟದಿಂದ. ಗೇರ್‌ಗೆ ತಾಗಿ, ಹಿಡಿದು, ಎರಡರ ವೇಗವನ್ನೂ ಒಂದು ಮಾಡಬೇಕು. ಆಯಿಲ್ ಮಿತಿಮೀರಿ ಜಾರುವಂತಿದ್ದರೆ ಅದು ಹಿಡಿಯುವುದು ತಡವಾಗುತ್ತದೆ, ಅಷ್ಟರಲ್ಲಿ ನೀವು ಲಿವರ್ ತಳ್ಳಿರುತ್ತೀರಿ.

ಈಗಿನ ಜಿಎಲ್-5 ಆಯಿಲ್‌ಗಳು ತಾಮ್ರದ ವಿಷಯದಲ್ಲಿ ಹಿಂದಿನಷ್ಟು ಕ್ರೂರ ಅಲ್ಲ, ಇದನ್ನೂ ಹೇಳಬೇಕು. ಉಜ್ಜಿ ಹೊಳಪು ಮಾಡಿದ ತಾಮ್ರದ ಪಟ್ಟಿಯನ್ನು ಬಿಸಿ ಆಯಿಲ್‌ನಲ್ಲಿ ಮುಳುಗಿಸಿ ಎಷ್ಟು ಕಪ್ಪಾಯಿತು ಅಂತ ನೋಡುವ ಪರೀಕ್ಷೆಯೇ ಇದೆ, ಕಂಪನಿಗಳು ಅದನ್ನು ಮಾಡುತ್ತವೆ. ಕೆಲವು ಗೇರ್ ಬಾಕ್ಸ್‌ಗಳಿಗೆ ತಯಾರಕರೇ ಜಿಎಲ್-5 ಹೇಳುತ್ತಾರೆ. ಪುಸ್ತಕದಲ್ಲಿ ಹಾಗೆ ಬರೆದಿದ್ದರೆ ಧೈರ್ಯವಾಗಿ ಹಾಕಿ. ಬರೆದಿಲ್ಲದಿದ್ದರೆ ಬೇಡ.

ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಹೈಪಾಯ್ಡ್ ಕ್ರೌನ್‌ಗೆ ಜಿಎಲ್-4 ಹಾಕಿ ಲೋಡ್ ಹೊತ್ತು ಘಾಟಿ ಹತ್ತಿಸಿದರೆ ಹಲ್ಲುಗಳು ಬೇಗ ಗೀರು ಬೀಳುತ್ತವೆ. ಸಿಂಕ್ರೊ ಹೋದರೆ ಗಾಡಿ ಕರ್ ಅನ್ನುತ್ತಾ ಮನೆಗೆ ಬರುತ್ತದೆ. ಕ್ರೌನ್ ಹೋದರೆ ಘಾಟಿಯಲ್ಲೇ ನಿಲ್ಲುತ್ತದೆ.

ನನ್ನದು ಮುಂದಿನ ಚಕ್ರ ಎಳೆಯುವ ಚಿಕ್ಕ ಕಾರು. ಅದರಲ್ಲೂ ಡಿಫರೆನ್ಷಿಯಲ್ ಇದೆಯಲ್ಲ, ಜಿಎಲ್-5 ಬೇಡವಾ?

ಒಳ್ಳೆಯ ಪ್ರಶ್ನೆ. ಎಂಜಿನ್ ಅಡ್ಡಡ್ಡ ಕೂತ ಮುಂದಿನ ಚಕ್ರದ ಕಾರುಗಳಲ್ಲಿ ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಆಯಿಲ್‌ನಲ್ಲಿ ಇರುತ್ತವೆ. ಅಲ್ಲಿ ಶಕ್ತಿ ದಿಕ್ಕು ತಿರುಗಬೇಕಿಲ್ಲ, ಆದ್ದರಿಂದ ಹೈಪಾಯ್ಡ್ ಗೇರೂ ಇಲ್ಲ. ಓರೆ ಹಲ್ಲಿನ ಸಾಮಾನ್ಯ ಹೆಲಿಕಲ್ ಗೇರ್ ಅಷ್ಟೇ. ಸಾಮಾನ್ಯವಾಗಿ ಜಿಎಲ್-4, 75ಡಬ್ಲ್ಯೂ-80 ಅಥವಾ 75ಡಬ್ಲ್ಯೂ-90 ಹೇಳಿರುತ್ತಾರೆ. ಹಿಂದಿನ ಚಕ್ರ ಎಳೆಯುವ ವ್ಯಾನು, ಜೀಪು, ಪಿಕಪ್ಪುಗಳಲ್ಲಿ ಮಾತ್ರ ಗೇರ್ ಬಾಕ್ಸಿಗೊಂದು, ಹೌಸಿಂಗಿಗೊಂದು ಅಂತ ಎರಡು ಬೇಕಾಗುತ್ತದೆ. ಆಟೋಮ್ಯಾಟಿಕ್ ಗೇರ್ ಇರುವ ಕಾರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಅದರ ಆಯಿಲ್ ಪೂರ್ತಿ ಬೇರೆ ಜಾತಿ, ಅಲ್ಲಿ ಕೈ ಹಾಕಬೇಡಿ.

ಡಬ್ಬದ ಮೇಲೆ ಜಿಎಲ್-4/ಜಿಎಲ್-5 ಅಂತ ಎರಡೂ ಇದೆ. ನಂಬಬಹುದಾ?

ಸಿಂಕ್ರೊ ಗೇರ್ ಬಾಕ್ಸಿಗೂ ಆಗುತ್ತದೆ ಅಂತ ಅದೇ ಡಬ್ಬದ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ನಂಬಿ. ಬರೆದಿಲ್ಲದಿದ್ದರೆ ಅದನ್ನು ಜಿಎಲ್-5 ಅಂತಲೇ ತಿಳಿಯಿರಿ.

ಬೈಕಿಗೆ, ಸ್ಕೂಟರಿಗೆ ಯಾವ ಗೇರ್ ಆಯಿಲ್?

ಇವತ್ತಿನ ಹೆಚ್ಚಿನ ಬೈಕುಗಳಿಗೆ ಬೇರೆ ಗೇರ್ ಆಯಿಲ್ ಇಲ್ಲ. ಎಂಜಿನ್, ಕ್ಲಚ್, ಗೇರ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಅದಕ್ಕೇ ಡಬ್ಬದ ಮೇಲೆ ಜಪಾನಿನ ಮಾನದಂಡವಾದ ಜೆಎಎಸ್‌ಒ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಬೇಕು. ಕ್ಲಚ್ ಪ್ಲೇಟ್ ಜಾರದಿರಲಿ ಅಂತ ಇರುವ ಗುರುತು ಅದು. ಕಾರಿನ ಎಂಜಿನ್ ಆಯಿಲ್ ಅಗ್ಗಕ್ಕೆ ಸಿಕ್ಕಿತು ಅಂತ ಬೈಕಿಗೆ ಹಾಕಬೇಡಿ.

ಗೇರ್‌ಲೆಸ್ ಸ್ಕೂಟರ್‌ಗಳಲ್ಲಿ ಹಿಂದಿನ ಚಕ್ರದ ಹತ್ತಿರ ಪುಟ್ಟ ಗೇರ್ ಪೆಟ್ಟಿಗೆ ಇದೆ. ಅದರಲ್ಲಿ ಸುಮಾರು ನೂರು ಮಿಲಿಯ ಆಸುಪಾಸು ಆಯಿಲ್, ಅಷ್ಟೇ. ಎಷ್ಟೋ ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ, ವರ್ಷಗಟ್ಟಲೆ ಬದಲಿಸಿರುವುದಿಲ್ಲ. ಸರ್ವಿಸ್‌ಗೆ ಬಿಟ್ಟಾಗ ಬಾಯಿಬಿಟ್ಟು ಹೇಳಿ. ಯಾವ ಗ್ರೇಡ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಪುಸ್ತಕ ನೋಡಲೇಬೇಕು.

ಹಳೇ ಟೂ ಸ್ಟ್ರೋಕ್ ಚೇತಕ್ ಇಟ್ಟುಕೊಂಡವರು ಇನ್ನೂ ಇದ್ದಾರೆ, ಅವರಿಗಾಗಿ ಒಂದು ಮಾತು. ಅದರ ಗೇರ್ ಬಾಕ್ಸಿಗೆ ಬೇಕಾದ್ದು ಎಸ್‌ಎಇ 30, ಇಪಿ 90 ಅಲ್ಲ. ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ಇರುತ್ತವೆ. ಇಪಿ 90 ಹಾಕಿದರೆ ಕ್ಲಚ್ ಸರಿಯಾಗಿ ಬಿಡುವುದೂ ಇಲ್ಲ, ಸರಿಯಾಗಿ ಹಿಡಿಯುವುದೂ ಇಲ್ಲ.

ಟ್ರ್ಯಾಕ್ಟರಿಗೆ 90 ಹಾಕಿದರೆ ಏನಾಗುತ್ತದೆ? ಮೊದಲಿಂದ ಹಾಕುತ್ತಾ ಬಂದಿದ್ದೇವೆ.

ಯಾವ ಟ್ರ್ಯಾಕ್ಟರ್ ಅನ್ನುವುದರ ಮೇಲೆ ಹೋಗುತ್ತದೆ. ಒಣ ಬ್ರೇಕಿನ ಹಳೇ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೆ, ಹಿಂದಿನ ಹೌಸಿಂಗಿಗೆ 90 ನಡೆಯುತ್ತಿತ್ತು. ಬ್ರೇಕ್ ಹೊರಗೆ ಒಣಗಿರುತ್ತಿತ್ತು, ಆಯಿಲ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ. ಈಗಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಡಿಸ್ಕುಗಳು ಆಯಿಲ್ ಒಳಗೇ ಮುಳುಗಿವೆ. ಬಹಳಷ್ಟರಲ್ಲಿ ಹಿಂದಿನ ಲಿಫ್ಟಿನ ಹೈಡ್ರಾಲಿಕ್ ಪಂಪು ಕೂಡ ಅದೇ ಆಯಿಲ್ ಎಳೆಯುತ್ತದೆ. ಒಂದೇ ಆಯಿಲ್ ಗೇರಿಗೆ ಜಾರಬೇಕು, ಬ್ರೇಕಿಗೆ ಹಿಡಿಯಬೇಕು, ಪಂಪಿಗೆ ಹರಿಯಬೇಕು. ಇದಕ್ಕಾಗಿಯೇ ಮಾಡಿದ ಆಯಿಲ್‌ಗೆ ಯುಟಿಟಿಒ ಅನ್ನುತ್ತಾರೆ, ಅಂಗಡಿಯಲ್ಲಿ ವೆಟ್ ಬ್ರೇಕ್ ಆಯಿಲ್ ಅಂದರೆ ಕೊಡುತ್ತಾರೆ. ಅದರ ಬದಲು ಇಪಿ 90 ತುಂಬಿಸಿದರೆ ಬ್ರೇಕ್ ಕಿರುಚುತ್ತದೆ, ಟ್ರೇಲರ್‌ನಲ್ಲಿ ಲೋಡ್ ಇರುವಾಗ ಹಿಡಿತ ಸಾಲುವುದಿಲ್ಲ, ಬೆಳಿಗ್ಗೆ ಲಿಫ್ಟ್ ಏಳಲು ಹೊತ್ತು ಹಿಡಿಯುತ್ತದೆ. ಟ್ರ್ಯಾಕ್ಟರಿಗೆ ಬೇಕಾಗುವುದು ಹತ್ತಾರು ಲೀಟರ್, ತಪ್ಪು ಆಯಿಲ್ ತುಂಬಿಸಿ ಮತ್ತೆ ಇಳಿಸುವುದು ರೈತನಿಗೆ ಸಣ್ಣ ನಷ್ಟವಲ್ಲ. ಬ್ರೇಕಿನ ವಿಷಯ ಜೀವದ ವಿಷಯ ಬೇರೆ. ದಯವಿಟ್ಟು ‘ಅಪ್ಪನ ಕಾಲದಿಂದ ಇದೇ’ ಅನ್ನಬೇಡಿ, ಅಪ್ಪನ ಕಾಲದ ಟ್ರ್ಯಾಕ್ಟರ್ ಬೇರೆ ಇತ್ತು.

ಹೌಸಿಂಗ್ ಸದ್ದು ಮಾಡುತ್ತಿದೆ. 140 ಹಾಕಿಸಿ ಅಂತಾರೆ. ಹಾಕಿಸಲಾ?

ಸದ್ದು ತಗ್ಗುತ್ತದೆ, ನಿಜ. ಮಂದ ಆಯಿಲ್ ಹಲ್ಲುಗಳ ನಡುವಿನ ಸಂದಿಗೆ ಹಾಸಿಗೆಯ ಹಾಗೆ ಕೂರುತ್ತದೆ. ಆದರೆ ರೋಗ ಹೋಗಿರುವುದಿಲ್ಲ. ಬೇರಿಂಗ್ ಹೋಗಿದೆಯಾ, ಕ್ರೌನ್ ಪಿನಿಯನ್ ಸಂದಿ ಜಾಸ್ತಿ ಆಗಿದೆಯಾ ಅಂತ ಮೊದಲು ನೋಡಿಸಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕೂಗುತ್ತದಾ, ಬಿಟ್ಟಾಗ ಕೂಗುತ್ತದಾ, ಎರಡೂ ಹೊತ್ತು ಕೂಗುತ್ತದಾ ಅಂತ ಗಮನಿಸಿ ಮೆಕ್ಯಾನಿಕ್‌ಗೆ ಹೇಳಿ, ಅವರಿಗೆ ಅದು ದೊಡ್ಡ ಸುಳಿವು. 85ಡಬ್ಲ್ಯೂ-140 ಇರುವುದು ಭಾರ ಹೊರುವ ಲಾರಿ, ಟಿಪ್ಪರ್, ಬಿಸಿಲು ನಾಡಿನಲ್ಲಿ ದಿನವಿಡೀ ಲೋಡ್ ಎಳೆಯುವ ಗಾಡಿಗಳಿಗೆ. ತಯಾರಕರು ಹೇಳಿದ್ದರೆ ಹಾಕಿ. ಸದ್ದು ಮುಚ್ಚಿ ಗಾಡಿ ಮಾರಲು 140 ಹಾಕುವವರೂ ಇದ್ದಾರೆ. ಹಳೇ ಗಾಡಿ ಕೊಳ್ಳುವಾಗ ಹೌಸಿಂಗ್ ಆಯಿಲ್ ಬೆರಳಲ್ಲಿ ಮುಟ್ಟಿ ನೋಡಿ.

ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದೆ. ಯಾಕೆ?

ನೀರು ಸೇರಿದೆ. ಮಲೆನಾಡು, ಕರಾವಳಿಯಲ್ಲಿ ಗೇರ್ ಆಯಿಲ್ ಹಾಳಾಗುವುದು ಹಳೆಯದಾಗಿ ಅಲ್ಲ, ನೀರು ಕುಡಿದು. ನಟ್ಟಿ ಕಾಲದಲ್ಲಿ ಕೇಜ್ ವೀಲ್ ಹಾಕಿ ಕೆಸರು ಗದ್ದೆಗೆ ಇಳಿದ ಟ್ರ್ಯಾಕ್ಟರ್, ಟಿಲ್ಲರ್‌ಗಳನ್ನು ಹೂಟಿ ಮುಗಿದ ಕೂಡಲೇ ನೋಡಬೇಕು.

ನೀರು ಹೇಗೆ ಹೋಗುತ್ತದೆ ಅನ್ನುವುದು ತಿಳಿದರೆ ತಡೆಯುವುದು ಸುಲಭ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಹೌಸಿಂಗ್ ಒಳಗೆ ಗಾಳಿ ಕಾದಿರುತ್ತದೆ. ಹಾಗೇ ಹಳ್ಳಕ್ಕೆ ಇಳಿಸಿದಿರಿ ಅನ್ನಿ. ತಣ್ಣೀರು ತಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಒಳಗೆ ಎಳೆತ ಹುಟ್ಟುತ್ತದೆ. ಮೇಲಿರುವ ಬ್ರೀದರ್, ಅಂದರೆ ಗಾಳಿಯಾಡುವ ತೂತು, ಸರಿ ಇದ್ದು ನೀರಿಗಿಂತ ಮೇಲಿದ್ದರೆ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಬ್ರೀದರ್ ಮಣ್ಣು ಮೆತ್ತಿ ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಎಳೆಯುತ್ತದೆ. ಬ್ರೀದರ್ ಮುಚ್ಚಿದರೆ ಇನ್ನೊಂದು ತೊಂದರೆ, ಒಳಗೆ ಕಾದಾಗ ಒತ್ತಡ ಏರಿ ಸೀಲಿನಿಂದ ಆಯಿಲ್ ಹೊರಗೆ ಒಸರುತ್ತದೆ. ಮತ್ತೆ ಮತ್ತೆ ಸೀಲ್ ಬದಲಿಸಿದರೂ ಆಯಿಲ್ ನಿಲ್ಲದ ಗಾಡಿಗಳಲ್ಲಿ ಮೊದಲು ಬ್ರೀದರ್ ಬಿಚ್ಚಿ ಊದಿ ನೋಡಿ. ಹಳ್ಳ ದಾಟುವ ಮೊದಲು ಹತ್ತು ನಿಮಿಷ ಗಾಡಿ ನಿಲ್ಲಿಸಿ ಆರಿಸಿದರೂ ಎಷ್ಟೋ ಒಳ್ಳೆಯದು.

ಅನುಮಾನ ಇದ್ದರೆ ರಾತ್ರಿಯಿಡೀ ಗಾಡಿ ನಿಲ್ಲಿಸಿ ಬೆಳಿಗ್ಗೆ ಡ್ರೇನ್ ನಟ್ಟನ್ನು ಸ್ವಲ್ಪವೇ ಸಡಿಲಿಸಿ. ಬೆರೆಯದ ನೀರು ತಳದಲ್ಲಿ ನಿಂತಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಇನ್ನೊಂದು ದಾರಿ, ಬೇಡದ ತಗಡಿನ ಮುಚ್ಚಳ ಕಾಯಿಸಿ ಅದರ ಮೇಲೆ ಒಂದು ಹನಿ ಆಯಿಲ್ ಬಿಡಿ. ಒಗ್ಗರಣೆಗೆ ನೀರು ಬಿದ್ದ ಹಾಗೆ ಚಟಪಟ ಅಂದರೆ ನೀರಿದೆ. ಮುಖ ದೂರ ಇಟ್ಟುಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನೀರು ಕಂಡರೆ ಕಿಲೋಮೀಟರ್ ಲೆಕ್ಕ ನೋಡಬೇಡಿ, ಅವತ್ತೇ ಇಳಿಸಿ. ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಮತ್ತೆ ಬಿಳಿಚಿದರೆ ಇನ್ನೊಮ್ಮೆ ಇಳಿಸಬೇಕು. ಬೇರಿಂಗ್ ತುಕ್ಕು ಹಿಡಿಯುವುದಕ್ಕಿಂತ ಅದು ಅಗ್ಗ.

ನಾನೇ ಬದಲಿಸಬಹುದಾ? ಎಷ್ಟು ತುಂಬಿಸಬೇಕು?

ಬದಲಿಸಬಹುದು. ಒಂದು ನಿಯಮ ಮರೆಯಬೇಡಿ: ಮೊದಲು ಮೇಲಿನ ಫಿಲ್ಲರ್ ನಟ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೇನ್ ನಟ್. ಕೆಳಗಿನದು ಬಿಚ್ಚಿ ಆಯಿಲ್ ಪೂರ್ತಿ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ಕೂತಿತು. ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಇಳಿಸಿದರೆ ಬೇಗ ಇಳಿಯುತ್ತದೆ, ಕಸವೂ ಜೊತೆಗೆ ಬರುತ್ತದೆ. ಗಾಡಿ ಸಮತಟ್ಟು ನೆಲದಲ್ಲಿರಲಿ. ಜಾಕ್ ಮಾತ್ರ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲಿಡಿ.

ಹೆಚ್ಚಿನ ಗೇರ್ ಬಾಕ್ಸ್, ಹೌಸಿಂಗ್‌ಗಳಲ್ಲಿ ಫಿಲ್ಲರ್ ತೂತಿನ ಕೆಳ ಅಂಚೇ ಲೆವೆಲ್. ಅಲ್ಲಿಂದ ಆಯಿಲ್ ತುಳುಕಲು ಶುರುವಾದರೆ ಸಾಕು. ಇನ್ನೂ ಸ್ವಲ್ಪ ಇರಲಿ ಅಂತ ಒಂದು ಕಡೆ ಎತ್ತಿ ತುಂಬಿಸುವವರನ್ನು ನೋಡಿದ್ದೇನೆ. ಜಾಸ್ತಿಯಾದರೆ ಗೇರ್‌ಗಳು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತವೆ, ಕಾಯುತ್ತದೆ, ಸೀಲ್ ದಾಟಿ ಬ್ರೇಕ್ ಲೈನರ್ ಮೇಲೆ ಇಳಿಯುತ್ತದೆ.

ಡ್ರೇನ್ ನಟ್ಟಿನ ಮ್ಯಾಗ್ನೆಟ್ ಮೇಲೆ ಕಬ್ಬಿಣದ ಪುಡಿ ಇದೆ. ಭಯಪಡಬೇಕಾ?

ಕಾಡಿಗೆಯಷ್ಟು ನುಣುಪಾದ ಬೂದು ಲೇಪ ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು, ಪದರ ಕಂಡರೆ ಬಿಚ್ಚಿಸಿ. ಮ್ಯಾಗ್ನೆಟ್‌ಗೆ ಅಂಟದೆ ಆಯಿಲ್‌ನಲ್ಲೇ ಹೊಳೆಯುವ ಹೊಂಬಣ್ಣದ ಪುಡಿ ಹಿತ್ತಾಳೆಯದು, ಸಿಂಕ್ರೊ ರಿಂಗಿನ ಕಡೆ ಬೊಟ್ಟು ಮಾಡುತ್ತದೆ.

ಸಿಂಥೆಟಿಕ್ ಹಾಕಿದರೆ ದುಡ್ಡಿಗೆ ತಕ್ಕ ಲಾಭ ಇದೆಯಾ?

ದಿನಾ ಘಾಟಿ ಹತ್ತುವ, ಭಾರ ಎಳೆಯುವ, ತುಂಬಾ ಕಾಯುವ ಗಾಡಿಗೆ ಇದೆ. ಬಿಸಿಯಲ್ಲಿ ಬೇಗ ಕೆಡುವುದಿಲ್ಲ, ಚಳಿಯಲ್ಲಿ ಗೇರ್ ಹಗುರ. ಆದರೆ ಪ್ರತಿ ಮಳೆಗಾಲ ನೀರು ಕುಡಿಯುವ ಹೌಸಿಂಗಿಗೆ ದುಬಾರಿ ಸಿಂಥೆಟಿಕ್ ಸುರಿದು ವರ್ಷ ತುಂಬುವ ಮೊದಲೇ ಚೆಲ್ಲುವುದರಲ್ಲಿ ಅರ್ಥವಿಲ್ಲ. ನಮ್ಮ ಜೀಪಿಗೆ ನಾನು ಹಾಕುವುದು ಸಾಮಾನ್ಯ ಮಿನರಲ್ ಆಯಿಲ್ಲೇ, ಬೇಗ ಬೇಗ ಬದಲಿಸುತ್ತೇನೆ.

ಬೇರೆ ಕಂಪನಿಯ ಆಯಿಲ್ ಬೆರೆಸಬಹುದಾ?

ದಾರಿಯಲ್ಲಿ ಲೆವೆಲ್ ಇಳಿದರೆ ಅದೇ ಗ್ರೇಡ್, ಅದೇ ಜಿಎಲ್ ಇರುವ ಬೇರೆ ಕಂಪನಿಯದು ಸೇರಿಸಿ ಮನೆ ಸೇರಿಕೊಳ್ಳಿ, ತೊಂದರೆಯಿಲ್ಲ. ಜಿಎಲ್-4 ಮತ್ತು ಜಿಎಲ್-5 ಬೆರೆಸಿದರೆ ಅದು ಎರಡೂ ಅಲ್ಲದ್ದು ಆಗುತ್ತದೆ. ಪಿಎಜಿ ಅನ್ನುವ ಜಾತಿಯ ಸಿಂಥೆಟಿಕ್ ಕಾರ್ಖಾನೆ ಗೇರ್‌ಗಳಲ್ಲಿ ಬಳಕೆಯಲ್ಲಿದೆ. ಅದನ್ನು ಮಾತ್ರ ಮಿನರಲ್ ಆಯಿಲ್ ಜೊತೆ ಯಾವತ್ತೂ ಬೆರೆಸಬೇಡಿ.

ಅಕ್ಕಿ ಗಿರಣಿ, ಆಲೆಮನೆಯ ಗೇರ್ ಬಾಕ್ಸ್ ಮೇಲೆ ವಿಜಿ 320 ಅಂತ ಇದೆ. ಇದು ಯಾವ ಲೆಕ್ಕ?

ಅದು ಕಾರ್ಖಾನೆಗಳ ಲೆಕ್ಕ, ಐಎಸ್‌ಒ ವಿಜಿ. ಇಲ್ಲಿ ಅಳೆಯುವುದು 40 ಡಿಗ್ರಿಯಲ್ಲಿ. 320 ಅಂದರೆ 40 ಡಿಗ್ರಿಯಲ್ಲಿ 320 ಸೆಂಟಿಸ್ಟೋಕ್, ಹತ್ತು ಪರ್ಸೆಂಟ್ ಆಚೀಚೆ. ಅಂದಾಜಿಗೆ ಹೇಳುವುದಾದರೆ ವಿಜಿ 220 ಗಾಡಿಯ 90ರ ಹತ್ತಿರ, ವಿಜಿ 460 ಗಾಡಿಯ 140ರ ಹತ್ತಿರ. ಆದರೆ ಮಂದ ಹೊಂದಿತು ಅಂತ ಜಿಎಲ್-5 ತಂದು ಸುರಿಯಬೇಡಿ. ಸ್ಕ್ರೂ ಆಕಾರದ ಗೇರ್ ದೊಡ್ಡ ಚಕ್ರವನ್ನು ತಿರುಗಿಸುವ ವರ್ಮ್ ಗೇರ್ ಬಾಕ್ಸ್‌ಗಳಲ್ಲಿ ಆ ಚಕ್ರ ಸಾಮಾನ್ಯವಾಗಿ ಕಂಚಿನದು, ಕಂಚಿನಲ್ಲೂ ತಾಮ್ರವೇ ಇರುವುದು. ಜೀಪಿನ ರಿಂಗಿಗೆ ಆದ ಗತಿ ಅದಕ್ಕೂ ಆಗುತ್ತದೆ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಪುಸ್ತಕದಲ್ಲಿ ಹೇಳಿದ್ದು ಒಳ್ಳೆಯ ರಸ್ತೆಯ ಲೆಕ್ಕ. ಲೋಡ್, ಕೆಸರು, ಹಳ್ಳ, ಘಾಟಿ ಇದ್ದರೆ ಅದರ ಅರ್ಧಕ್ಕೇ ಬದಲಿಸಿ. ಹೊಸ ಗಾಡಿ ಅಥವಾ ಹೊಸ ಕ್ರೌನ್ ಹಾಕಿಸಿದ್ದರೆ ಮೊದಲ ಬದಲಾವಣೆ ಬೇಗ ಮಾಡಿಸಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ನಟ್ ಬಿಚ್ಚಿ ಬಣ್ಣ ನೋಡುವುದನ್ನು ಆಯುಧಪೂಜೆಗೆ ಗಾಡಿ ತೊಳೆಯುವ ಹೊತ್ತಿನ ಕೆಲಸ ಮಾಡಿಕೊಳ್ಳಿ. ಆಗ ಮರೆಯುವುದಿಲ್ಲ.

ಲೂಸ್ ಆಯಿಲ್ ಅಗ್ಗಕ್ಕೆ ಸಿಗುತ್ತದೆ. ತರಬಹುದಾ?

ಬೇಡ. ಬ್ಯಾರೆಲ್‌ನಲ್ಲಿ ಜಿಎಲ್-4 ಇದೆಯೋ, 5 ಇದೆಯೋ, ಸೋಸಿದ ಹಳೇ ಆಯಿಲ್ ಇದೆಯೋ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ವಾಸನೆ ನೋಡಿದರೆ ಗೊತ್ತಾಗುತ್ತದೆ ಅನ್ನುತ್ತಾರೆ. ಗಂಧಕದ ಕಟು ವಾಸನೆ ಇಪಿ ಮದ್ದು ಇದೆ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ಸೀಲ್ ಇರುವ ಡಬ್ಬ ತನ್ನಿ, ಖಾಲಿಯಾದ ಮೇಲೆ ಡಬ್ಬವನ್ನು ಕತ್ತರಿಸಿ ಹಾಕಿ. ಇಲ್ಲದಿದ್ದರೆ ಅದೇ ಡಬ್ಬ ನಕಲಿ ಆಯಿಲ್ ತುಂಬಿಕೊಂಡು ಇನ್ನೊಬ್ಬರ ಕೈ ಸೇರಬಹುದು.

ಇಳಿಸಿದ ಹಳೇ ಆಯಿಲ್ ಏನು ಮಾಡಲಿ? ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದ ಹಾಗೆ ಬಳಿಯಬಹುದಲ್ಲ?

ನಮ್ಮ ಕಡೆ ಎಲ್ಲರೂ ಬಳಿಯುತ್ತಿದ್ದರು, ನಮ್ಮ ಮನೆಯಲ್ಲೂ. ನಾನು ಬಿಟ್ಟಿದ್ದೇನೆ. ಮೊದಲ ಮಳೆಗೇ ಅದು ತೊಳೆದುಕೊಂಡು ತೋಟಕ್ಕೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ. ಆ ಆಯಿಲ್‌ನಲ್ಲಿ ಗಂಧಕದ ಮದ್ದಿನ ಜೊತೆ ಸವೆದ ಲೋಹದ ಪುಡಿಯೂ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಹೋಗಬೇಕಾದ್ದು ಅನುಮತಿ ಇರುವ ಮರುಬಳಕೆ ಘಟಕಗಳಿಗೆ. ಬಿಗಿ ಮುಚ್ಚಳದ ಕ್ಯಾನಿನಲ್ಲಿ ಶೇಖರಿಸಿ, ಅಂಥವರಿಗೆ ಒಪ್ಪಿಸುವ ಗ್ಯಾರೇಜ್ ಅಥವಾ ಸರ್ವಿಸ್ ಸೆಂಟರ್ ಯಾವುದು ಅಂತ ಕೇಳಿಕೊಂಡು ಅಲ್ಲಿಗೆ ಕೊಡಿ. ಕ್ಯಾನಿನ ಮೇಲೆ ‘ಹಳೇ ಗೇರ್ ಆಯಿಲ್’ ಅಂತ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಕಡೆ ಎತ್ತರದಲ್ಲಿ ಇಡಿ.